ವಿದ್ಯಾಭ್ಯಾಸದಲ್ಲಿಯೂ ಆಟದಲ್ಲಿಯೂ ಮನಸ್ಸಿನ ನೆಲೆ



ಒಂದೇ ಊರಿನ ಇಬ್ಬರು ಹುಡುಗರು ಒಂದೇ ಶಾಲೆಯಲ್ಲಿ ಒಬ್ಬ ಗುರುವಿನಿಂದಲೇ ಪಾಠ ಹೇಳಿಸಿಕೊಳ್ಳುವರು. ಇಬ್ಬರ ಬುದ್ಧಿಯೂ ಹೆಚ್ಚು ಕಡಮೆ ಸಮವಾಗಿಯೇ ಇರುವುದು. ಒಂದು ಪರೀಕ್ಷೆಯಲ್ಲಿ ಇಬ್ಬರೂ ಸೋಲುವರು. ಒಬ್ಬನು ಮಾರನೆಯ ದಿನವೇ ಪುಸ್ತಕವನ್ನು ಬಿಚ್ಚಿ, ಲೆಕ್ಕವು ಎಲ್ಲಿ ತಪ್ಪಿತೆಂದು ಹುಡುಕತೊಡಗುವನು. ಇನ್ನೊಬ್ಬನು ಪುಸ್ತಕವನ್ನು ಕಂಡರೆ ಮುಖವನ್ನು ತಿರುಗಿಸುವನು. ಆಟದ ಬಯಲಿನಲ್ಲಿಯೂ ಇಂತಹ ಇಬ್ಬರು ಕಾಣಸಿಗುವರು. ಈ ಭೇದಕ್ಕೆ ಕಾರಣವೇನು? ಹಣೆಯ ಬರಹವೆಂದು ಹೇಳುವವರುಂಟು; ಹುಟ್ಟುಗುಣವೆಂದು ಹೇಳುವವರೂ ಉಂಟು. ಹುಟ್ಟಿನಿಂದ ಬರುವ ವ್ಯತ್ಯಾಸಗಳೇ ಇಲ್ಲವೆಂದು ತಿಳಿದವರಾರೂ ಹೇಳಲಾರರು. ಆದರೆ ಕಳೆದ ಐವತ್ತು ವರ್ಷಗಳಿಂದ ಮನಶ್ಶಾಸ್ತ್ರಜ್ಞರು ನಡೆಸಿರುವ ಪ್ರಯೋಗಗಳನ್ನು ಪರಿಶೀಲಿಸಿದರೆ, ಈ ಭೇದದ ಒಂದು ಪಾಲು ಹಿರಿಯರ ಮಾತಿನಿಂದಲೂ ನಡತೆಯಿಂದಲೂ ಉಂಟಾಗುವುದೆಂದು ಗೊತ್ತಾಗುವುದು. ಮಗುವಿನ ದೃಷ್ಟಿಯು ಕೈಯಲ್ಲಿರುವ ಕೆಲಸದ ಮೇಲೆ ನಿಂತಿರುವುದೋ, ಇಲ್ಲವೆ ತನ್ನ ಮೇಲೆಯೇ ತಿರುಗಿಕೊಂಡಿರುವುದೋ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಇದನ್ನು ನಾಲ್ಕು ಪ್ರಯೋಗಗಳ ಮೂಲಕ ವಿಚಾರಿಸಬಹುದು.

ಮೊದಲನೆಯದು ಬಹುಮಾನದ ವಿಷಯ. ೧೯೭೩ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಪಂಡಿತರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಬಣ್ಣದ ಲೇಖನಿಗಳಿಂದ ಚಿತ್ರ ಬರೆಯುವುದರಲ್ಲಿ ಸ್ವಭಾವತಃ ಆಸೆಯುಳ್ಳ ಮಕ್ಕಳನ್ನೇ ಅವರು ಆರಿಸಿಕೊಂಡರು. ಒಂದು ಗುಂಪಿನ ಮಕ್ಕಳಿಗೆ, “ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ಪಟ್ಟಿಯೂ ಉಳ್ಳ ಪ್ರಶಸ್ತಿಪತ್ರ ಸಿಕ್ಕುವುದು” ಎಂದು ಮುಂದಾಗಿಯೇ ತಿಳಿಸಿದರು. ಎರಡನೆಯ ಗುಂಪಿಗೆ ಏನನ್ನೂ ತಿಳಿಸದೆ, ಚಿತ್ರ ಬರೆದಾದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳು ಕಳೆದ ತರುವಾಯ, ಮಕ್ಕಳು ತಮ್ಮಿಷ್ಟದಂತೆ ಆಡುವ ಹೊತ್ತಿನಲ್ಲಿ ಆ ಲೇಖನಿಗಳನ್ನು ಪುನಃ ಇಟ್ಟು, ಯಾರು ಎಷ್ಟು ಹೊತ್ತು ಚಿತ್ರ ಬರೆಯುವರೆಂಬುದನ್ನು ಮರೆಯಿಂದ ನೋಡಿದರು. ಏನನ್ನೂ ಪಡೆಯದ ಮಕ್ಕಳು ಆ ಹೊತ್ತಿನಲ್ಲಿ ನೂರಕ್ಕೆ ಸುಮಾರು ೧೭ ಪಾಲನ್ನೂ, ಅನಿರೀಕ್ಷಿತವಾಗಿ ಪಡೆದವರು ಸುಮಾರು ೧೮ ಪಾಲನ್ನೂ ಚಿತ್ರಕ್ಕಾಗಿ ಕಳೆದರು. ಬಹುಮಾನದ ಮಾತನ್ನು ಮುಂದಾಗಿ ಕೇಳಿಯೇ ಬರೆದಿದ್ದವರು ಸುಮಾರು ೯ ಪಾಲನ್ನು ಮಾತ್ರ ಕಳೆದರು. ಅಷ್ಟೇ ಅಲ್ಲದೆ, ಬಹುಮಾನಕ್ಕಾಗಿ ಬರೆದ ಚಿತ್ರಗಳು ಗುಣದಲ್ಲಿಯೂ ಕೀಳಾಗಿದ್ದುವೆಂದು ಪರೀಕ್ಷಕರು ಕಂಡರು.

ಇದರಿಂದ ತಿಳಿಯತಕ್ಕುದೇನು? ಸಂತೋಷಕ್ಕಾಗಿ ಮಾಡುತ್ತಿದ್ದ ಕೆಲಸಕ್ಕೆ ಕೂಲಿಯನ್ನು ಗೊತ್ತುಮಾಡಿದರೆ, ಆ ಕೆಲಸವು ಕೂಲಿಯ ಕೆಲಸವಾಗಿಯೇ ಮಗುವಿನ ಮನಸ್ಸಿನಲ್ಲಿ ನೆಲೆಗೊಳ್ಳುವುದು. ಕೂಲಿಯು ನಿಂತೊಡನೆ ಕೆಲಸವೂ ನಿಲ್ಲುವುದು. ಆದರೆ ಈ ಫಲಿತಾಂಶವನ್ನು ಮಿತಿಮೀರಿ ಹಿಗ್ಗಿಸಲಾಗದು. ೧೯೯೯ರಲ್ಲಿ ಎಡ್ವರ್ಡ್ ಡೀಸಿ, ರಿಚರ್ಡ್ ಕೋಸ್ಟ್ನರ್, ರಿಚರ್ಡ್ ರಯಾನ್ ಎಂಬವರು ಇಂತಹ ೧೨೮ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡಿದರು. ಮುಂದಾಗಿ ಹೇಳಿ ಕೊಡುವ ವಸ್ತುರೂಪದ ಬಹುಮಾನವು ಸ್ವಂತ ಆಸಕ್ತಿಯನ್ನು ಕುಂದಿಸುವುದೆಂದೂ, ಅನಿರೀಕ್ಷಿತವಾದ ಬಹುಮಾನವು ಹಾಗೆ ಮಾಡದೆಂದೂ, ಕೆಲಸವು ಹೇಗೆ ನಡೆಯಿತೆಂಬುದನ್ನು ತಿಳಿಸುವ ಮೆಚ್ಚುಗೆಯ ಮಾತು ಆಸಕ್ತಿಯನ್ನು ಹೆಚ್ಚಿಸಬಲ್ಲುದೆಂದೂ ಅವರು ನಿರ್ಣಯಿಸಿದರು. ಈ ನಿರ್ಣಯವನ್ನು ಒಪ್ಪದ ಪಂಡಿತರೂ ಇರುವರು. ಮೊದಲಿನಿಂದಲೂ ಬೇಸರವಾಗಿರುವ ಕೆಲಸದಲ್ಲಿ ಕುಂದಿಸುವುದಕ್ಕೆ ಆಸಕ್ತಿಯೇ ಇಲ್ಲದ ಕಾರಣ, ಅಲ್ಲಿ ಬಹುಮಾನದಿಂದ ಅಂತಹ ಹಾನಿಯು ಕಂಡುಬರಲಿಲ್ಲವೆಂಬುದನ್ನೂ ಮರೆಯಲಾಗದು.

ಹಾಗಾದರೆ ಮೆಚ್ಚುಗೆಯ ಮಾತೆಲ್ಲವೂ ಹಿತಕರವೆ? ಈ ಪ್ರಶ್ನೆಗೆ ಎರಡನೆಯ ಪ್ರಯೋಗವು ಉತ್ತರವನ್ನು ಕೊಡುವುದು. ೧೯೯೮ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಕ್ಲಾಡಿಯ ಮುಲ್ಲರ್, ಕ್ಯಾರಲ್ ಡ್ವೆಕ್ ಎಂಬ ವಿದುಷಿಯರು ಐದನೆಯ ತರಗತಿಯ ಮಕ್ಕಳಿಗೆ ಆಕೃತಿಗಳ ಸಮಸ್ಯೆಗಳನ್ನು ಕೊಟ್ಟು, ಬಿಡಿಸಿದ ಮೇಲೆ ಎಲ್ಲರಿಗೂ “ಚೆನ್ನಾಗಿ ಮಾಡಿರುವೆ” ಎಂದು ತಿಳಿಸಿದರು. ಆ ಮಾತಿಗೆ ಕೆಲವರ ವಿಷಯದಲ್ಲಿ “ನೀನು ಬಹಳ ಬುದ್ಧಿವಂತನಿರಬೇಕು” ಎಂದೂ, ಕೆಲವರ ವಿಷಯದಲ್ಲಿ “ನೀನು ಬಹಳ ಶ್ರಮಪಟ್ಟಿರಬೇಕು” ಎಂದೂ ಒಂದೊಂದು ವಾಕ್ಯವನ್ನು ಸೇರಿಸಿದರು. ಮುಂದೆ ಯಾವ ಬಗೆಯ ಕೆಲಸ ಬೇಕೆಂದು ಕೇಳಿದಾಗ, ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಬಹುಮಂದಿ ಹೊಸದನ್ನು ಕಲಿಸುವ ಕೆಲಸವನ್ನು ಆರಿಸಿಕೊಂಡರು. ಬುದ್ಧಿಗೆ ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಜಾಣತನವು ತೋರುವಂತಹುದನ್ನೇ ಆರಿಸಿಕೊಂಡರು. ಆಮೇಲೆ ಎಲ್ಲರಿಗೂ ಬಹು ಕಠಿಣವಾದ ಸಮಸ್ಯೆಗಳನ್ನು ಕೊಟ್ಟು ಸೋಲಿನ ರುಚಿಯನ್ನು ತೋರಿಸಿ, ಕಡೆಯಲ್ಲಿ ಮೊದಲಿನಷ್ಟೇ ಸುಲಭವಾದವುಗಳನ್ನು ಕೊಟ್ಟರು. ಶ್ರಮದ ಹೊಗಳಿಕೆಯನ್ನು ಕೇಳಿದವರು ಮೊದಲಿಗಿಂತ ಹೆಚ್ಚಾಗಿ ಬಿಡಿಸಿದರು. ಬುದ್ಧಿಯ ಹೊಗಳಿಕೆಯನ್ನು ಕೇಳಿದವರು ಮೊದಲಿಗಿಂತ ಕಡಮೆ ಬಿಡಿಸಿದರು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿಯೊಂದು ಆ ಪ್ರಯೋಗಮಾಲೆಯಲ್ಲಿಯೇ ಇರುವುದು. ಬೇರೆ ಶಾಲೆಯ ಅಪರಿಚಿತ ಮಗುವೊಂದಕ್ಕೆ ಈ ಸಮಸ್ಯೆಗಳ ವಿಷಯವಾಗಿ ಬರೆದು, ತನಗೆ ಬಂದ ಅಂಕಗಳನ್ನು ತಿಳಿಸಬೇಕೆಂದು ಮಕ್ಕಳಿಗೆ ಹೇಳಲಾಯಿತು. ಶ್ರಮಕ್ಕಾಗಿ ಹೊಗಳಿಸಿಕೊಂಡವರಲ್ಲಿ ನೂರಕ್ಕೆ ೧೩ ಮಂದಿ ಅಂಕಗಳನ್ನು ತಪ್ಪಾಗಿ ಬರೆದರು. ಬುದ್ಧಿಗಾಗಿ ಹೊಗಳಿಸಿಕೊಂಡವರಲ್ಲಿ ಹಾಗೆ ಬರೆದವರು ನೂರಕ್ಕೆ ೩೮ ಮಂದಿ. ಎಂದೂ ಮುಖ ಕಾಣದವರ ಮುಂದೆಯೂ ಸುಳ್ಳನ್ನು ಹೇಳುವಷ್ಟು ಭಯವು ಒಂದು ಪ್ರೀತಿಯ ವಾಕ್ಯದಿಂದ ಹುಟ್ಟಿತೆಂಬುದು ವಿಚಾರಮಾಡತಕ್ಕ ವಿಷಯ. ಬುದ್ಧಿವಂತನೆಂಬ ಹೆಸರು ಒಮ್ಮೆ ಬಂದಮೇಲೆ ಆ ಹೆಸರನ್ನು ಕಾಪಾಡುವುದೇ ಮಗುವಿಗೆ ದೊಡ್ಡ ಕೆಲಸವಾಗುವುದು; ಸೋಲು ಪಾಠವಾಗುವ ಬದಲು ಅಪಮಾನವಾಗುವುದು. ತಾಯಿತಂದೆಗಳು ಹೊರಿಸಿದುದು ಹೂವಿನ ಹಾರವೆಂದೇ ತಿಳಿದಿರುವರು. ಹೊತ್ತ ಮಗುವಿಗೆ ಅದು ಕಲ್ಲಿನ ಭಾರ.

ಇಷ್ಟರಿಂದಲೇ, ಒಂದು ಮಾತನ್ನು ಬದಲಿಸಿದರೆ ಮಂದಮತಿಯೂ ಪಂಡಿತನಾಗುವನೆಂದು ಭಾವಿಸುವುದು ತಪ್ಪು. ಬುದ್ಧಿಯು ಅಭ್ಯಾಸದಿಂದ ಬೆಳೆಯುವುದೆಂಬ ತಿಳಿವಳಿಕೆಯನ್ನು ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು ೧೨,೦೦೦ ವಿದ್ಯಾರ್ಥಿಗಳಿಗೆ ಒಂದು ಗಂಟೆಗೂ ಕಡಮೆ ಕಾಲದ ಪಾಠದಿಂದ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲವು ೨೦೧೯ರಲ್ಲಿ ಪ್ರಕಟವಾಯಿತು. ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ದರ್ಜೆಯು ಅದರಿಂದ ಏರಿದುದು ಸುಮಾರು ೦.೧ರಷ್ಟು ಮಾತ್ರ. ಅದು ಅಲ್ಪವೇ ಸರಿ. ಆದರೆ ಅಷ್ಟು ಸ್ವಲ್ಪ ಕಾಲದ ಪಾಠಕ್ಕೆ ಅದು ಶೂನ್ಯವಲ್ಲ. ಜೊತೆಯ ಹುಡುಗರೂ ಕಷ್ಟದ ಲೆಕ್ಕಕ್ಕೆ ಕೈಹಾಕುವ ವಾಡಿಕೆಯುಳ್ಳ ಶಾಲೆಗಳಲ್ಲಿ ಫಲವು ಹೆಚ್ಚಾಗಿ ತೋರಿತೆಂಬುದು ಗಮನಿಸತಕ್ಕುದು. ಬೀಜವು ಒಳ್ಳೆಯದಾದರೂ ನೆಲವು ಹದವಾಗಿರಬೇಕಷ್ಟೆ.

ಮೂರನೆಯದು ಆಟಗಾರರ ವಿಷಯ. ೨೦೦೨ರಲ್ಲಿ ಸಿಯಾನ್ ಬೈಲಾಕ್ ಎಂಬಾಕೆಯೂ ಆಕೆಯ ಸಹೋದ್ಯೋಗಿಗಳೂ ಕಾಲ್ಚೆಂಡಿನ ಆಟಗಾರರಿಂದ, ಸಾಲಾಗಿ ಇಟ್ಟ ಗುರುತುಗಳ ನಡುವೆ ಚೆಂಡನ್ನು ಹಾಯಿಸಿಕೊಂಡು ಹೋಗುವ ಕೆಲಸವನ್ನು ಮಾಡಿಸಿದರು. ಒಮ್ಮೆ, ಪಾದದ ಯಾವ ಬದಿಯು ಚೆಂಡನ್ನು ಮುಟ್ಟಿತೆಂಬುದನ್ನು ಗಮನಿಸುತ್ತ ನಡೆಯಬೇಕೆಂದು ಹೇಳಿದರು. ಇನ್ನೊಮ್ಮೆ, ಕಿವಿಗೆ ಬೀಳುವ ಶಬ್ದಗಳ ನಡುವೆ ಗೊತ್ತಾದ ಒಂದು ಶಬ್ದವನ್ನು ಗುರುತಿಸುತ್ತ ನಡೆಯಬೇಕೆಂದರು. ನುರಿತವರು ತಮ್ಮ ಬಲಗಾಲಿನ ಚಲನೆಯನ್ನು ತಾವೇ ಕಾಯತೊಡಗಿದಾಗ ನಿಧಾನವಾದರು. ಗಮನವು ಬೇರೆಡೆಗೆ ಹೋದಾಗ ಕಾಲು ತನ್ನ ಕೆಲಸವನ್ನು ತಾನೇ ಸರಾಗವಾಗಿ ಮಾಡಿತು. ಹೊಸಬರಿಗಾದರೋ ಪಾದವನ್ನು ಗಮನಿಸುವುದೇ ಸಹಾಯವಾಯಿತು. ನುರಿತವರು ಕೂಡ ವಾಡಿಕೆಯಿಲ್ಲದ ಎಡಗಾಲಿನಿಂದ ಆಡುವಾಗ ಹೊಸಬರಂತೆಯೇ ಆದರು. ಕಲಿಯುವ ಕಾಲದಲ್ಲಿ ಹೆಜ್ಜೆಹೆಜ್ಜೆಗೂ ಎಚ್ಚರ ಬೇಕು. ಕಲಿತ ಮೇಲೆ ಅದೇ ಎಚ್ಚರವು ಕಾಲಿಗೆ ತೊಡಕಾಗುವುದು. ಪಂದ್ಯದ ಕಡೆಯ ಗಳಿಗೆಯಲ್ಲಿ “ಎಲ್ಲರೂ ನಿನ್ನನ್ನೇ ನೋಡುತ್ತಿರುವರು, ಜೋಕೆ!” ಎಂದು ಕೂಗುವ ಹಿತಚಿಂತಕನು, ಆಟದ ಮೇಲಿದ್ದ ದೃಷ್ಟಿಯನ್ನು ಆಟಗಾರನ ಮೇಲೆಯೇ ತಿರುಗಿಸುವನು.

ನಾಲ್ಕನೆಯ ಪ್ರಯೋಗವು ಸಂಕಲ್ಪಕ್ಕೂ ಕಾರ್ಯಕ್ಕೂ ನಡುವೆ ಇರುವ ಕಂದರವನ್ನು ಕುರಿತದ್ದು. ೨೦೦೨ರಲ್ಲಿಯೇ ಬ್ರಿಟನ್ನಿನಲ್ಲಿ ಸಾರಾ ಮಿಲ್ನ್, ಶೀನಾ ಆರ್ಬೆಲ್, ಪಾಸ್ಕಲ್ ಶೀರನ್ ಎಂಬವರು ೨೪೮ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವು ಪ್ರಕಟವಾಯಿತು. ವಾರದಲ್ಲಿ ಒಮ್ಮೆಯಾದರೂ ಇಪ್ಪತ್ತು ನಿಮಿಷ ಬಿರುಸಾಗಿ ವ್ಯಾಯಾಮ ಮಾಡುವುದೇ ಅಲ್ಲಿನ ಗುರಿ. ಯಾವ ಉಪದೇಶವೂ ಇಲ್ಲದ ಗುಂಪಿನಲ್ಲಿ ನೂರಕ್ಕೆ ೩೮ ಮಂದಿ ಹಾಗೆ ಮಾಡಿದರು. ವ್ಯಾಯಾಮದಿಂದ ಹೃದಯರೋಗವನ್ನು ದೂರವಿಡಬಹುದೆಂಬ ಬೋಧೆಯನ್ನು ಓದಿದ ಗುಂಪಿನಲ್ಲಿ ಮಾಡಿದವರು ೩೫ ಮಂದಿ. ಬೋಧೆಯಿಂದ ಅವರ ಇಚ್ಛೆಯು ಹೆಚ್ಚಿತು, ನಡತೆಯು ಹೆಚ್ಚಲಿಲ್ಲ. ಅದೇ ಬೋಧೆಯನ್ನು ಓದಿದ ಮೇಲೆ, ಯಾವ ದಿನ, ಯಾವ ಹೊತ್ತಿಗೆ, ಯಾವ ಸ್ಥಳದಲ್ಲಿ ಮಾಡುವೆನೆಂದು ತಮ್ಮ ಕೈಯಿಂದಲೇ ಬರೆದಿಟ್ಟ ಗುಂಪಿನಲ್ಲಿ ೯೧ ಮಂದಿ ಮಾಡಿದರು. ಉಪನ್ಯಾಸಗಳನ್ನು ಮಾಡುವವರೂ ಕೇಳುವವರೂ ಈ ಅಂಕಿಗಳನ್ನು ನೆನಪಿನಲ್ಲಿಡಬೇಕು. ಕೇಳಿ ತಲೆದೂಗಿದ ಮಾತ್ರಕ್ಕೆ ಕಾರ್ಯವು ಆಗದು. “ಚೆನ್ನಾಗಿ ಓದುವೆನು” ಎಂಬ ಸಂಕಲ್ಪದಲ್ಲಿ ಓದುವ ತನ್ನ ಚಿತ್ರವೇ ದೊಡ್ಡದಾಗಿರುವುದು. “ನಾಳೆ ಬೆಳಗಿನ ಆರು ಗಂಟೆಗೆ, ಕಿಟಕಿಯ ಬಳಿಯ ಮಣೆಯ ಮೇಲೆ ಕುಳಿತು, ಮೂರನೆಯ ಪಾಠವನ್ನು ತೆಗೆಯುವೆನು” ಎಂಬುದರಲ್ಲಿ ಮಾತ್ರವೇ ಕೆಲಸವು ಕಣ್ಣಿಗೆ ಕಾಣುವುದು.

ಈ ನಾಲ್ಕನ್ನೂ ಜೊತೆಗೂಡಿಸಿ ನೋಡಿದರೆ ಹಿರಿಯರ ಕರ್ತವ್ಯವು ಸ್ಪಷ್ಟವಾಗುವುದು. ಬಹುಮಾನವನ್ನು ಕೊಡಬಾರದೆಂದಲ್ಲ, ಅದನ್ನು ಮುಂದೊಡ್ಡಿ ಓದಿಸುವ ಅಭ್ಯಾಸವನ್ನು ಮಿತಗೊಳಿಸಬೇಕು. ಹೊಗಳಬಾರದೆಂದಲ್ಲ, “ಜಾಣ” ಎಂಬ ಬಿರುದಿಗೆ ಬದಲಾಗಿ, “ಈ ಲೆಕ್ಕವನ್ನು ಮೂರು ವಿಧವಾಗಿ ಬಿಡಿಸಿ ನೋಡಿದೆಯಲ್ಲ, ಎರಡನೆಯದು ಏಕೆ ಹೊಂದಲಿಲ್ಲ?” ಎಂದು ಕೆಲಸದೊಳಕ್ಕೆ ಮಗುವನ್ನು ಕರೆದೊಯ್ಯುವ ಮಾತನ್ನಾಡಬೇಕು. ಶ್ರಮಪಟ್ಟೂ ಸೋತವನಿಗೆ “ಇನ್ನೂ ಶ್ರಮಪಡು” ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಬೇರೆಯ ದಾರಿಯನ್ನು ತೋರಿಸುವುದು ಗುರುವಿನ ಹೊಣೆ. ಪರೀಕ್ಷೆಯ ಫಲವನ್ನು ತಂದ ಹುಡುಗನು ಬಾಗಿಲಲ್ಲಿ ನಿಂತಿರುವಾಗ ಮನೆಯವರ ಬಾಯಿಂದ ಬರುವ ಮೊದಲ ಮಾತು “ಎಷ್ಟು ಬಂತು?” ಎಂಬುದಾಗಿದ್ದರೆ, ಅವನು ಅಂಕಗಳನ್ನು ಮುಚ್ಚಿಡಲು ಕಲಿಯುವನು. “ಯಾವುದು ತಿಳಿಯಲಿಲ್ಲ?” ಎಂಬುದಾಗಿದ್ದರೆ, ಅವನು ಪುಸ್ತಕವನ್ನು ತಂದು ತೋರಿಸುವನು. ಈ ಎರಡನೆಯ ಪ್ರಶ್ನೆಯನ್ನು ಕೇಳುವುದಕ್ಕೆ ವಿಶ್ವವಿದ್ಯಾಲಯದ ವಿದ್ಯೆಯೂ ಬೇಡ, ಹಣವೂ ಬೇಡ. ಅಕ್ಷರವನ್ನರಿಯದ ತಾಯಿಯೂ ಅದನ್ನು ಇಂದಿನ ಸಂಜೆಯೇ ಕೇಳಬಹುದು.