ಅಕ್ಷರ ನಮ್ಮದು, ಸಂಕೇತ ಯಾರದು?

ಅಚ್ಚುಕೂಟದ ಮೊಳೆಗಳನ್ನು ಯಾರೇ ಎರಕ ಹೊಯ್ದಿರಲಿ, ಅಚ್ಚಾಗಿ ಬಂದ ಪುಸ್ತಕವನ್ನು ಅಕ್ಷರ ಬಲ್ಲವರೆಲ್ಲರೂ ಓದಬಹುದು. ಗಣಕಯಂತ್ರದ ಬರೆಹಕ್ಕೆ ಈ ಸೌಲಭ್ಯ ತಾನಾಗಿ ಒದಗುವುದಿಲ್ಲ. ಅದರ ಒಡಲಲ್ಲಿ ಅಕ್ಷರವಿಲ್ಲ, ಅಂಕೆ ಮಾತ್ರ ಉಂಟು. ಯಾವ ಅಂಕೆ ಯಾವ ಅಕ್ಷರಕ್ಕೆ ಸಲ್ಲತಕ್ಕದ್ದು ಎಂಬ ಸಂಕೇತ ಬರೆದವನಿಗೂ ಓದುವವನಿಗೂ ಒಂದೇ ಆಗಿದ್ದರೆ ಮಾತ್ರ ಆ ಬರೆಹ ಕಣ್ಣಿಗೆ ದಕ್ಕುತ್ತದೆ.

ಕಳೆದ ಶತಮಾನದ ಕೊನೆಯಲ್ಲಿ ಕನ್ನಡಕ್ಕೆ ಇಂಥ ಒಮ್ಮತದ ಸಂಕೇತ ಬಳಕೆಯಲ್ಲಿರಲಿಲ್ಲ. ತಂತ್ರಾಂಶ ತಯಾರಕರು ಕನ್ನಡದ ಅಕ್ಷರಗಳನ್ನು ತುಣುಕು ಮಾಡಿ, ತಮಗೆ ತೋಚಿದಂತೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕ’ ಎಂದು ಬರೆದರೆ, ಯಂತ್ರದೊಳಗೆ ಇರುತ್ತಿದ್ದುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟುಳ್ಳ ‘ಎ’. ಆ ಫಾಂಟಿಲ್ಲದವರಿಗೆ ಕಾಣುತ್ತಿದ್ದುದೂ ಅದೇ.

ಜಾಲತಾಣ ಕಟ್ಟುವವರ ಪಾಡು ಇನ್ನೂ ಕಷ್ಟ. ಫಾಂಟನ್ನು ಪುಟದ ಜೊತೆಯಲ್ಲೇ ಕಳುಹಿಸುವ ಉಪಾಯ 1997ರಲ್ಲಿ ಬಂದಿತೇನೋ ನಿಜ. ಆದರೆ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಒಂದು ಬಗೆಯ ಕಡತ, ನೆಟ್‌ಸ್ಕೇಪಿಗೆ ಮತ್ತೊಂದು ಬಗೆಯದು. ಒಂದನ್ನೇ ಆರಿಸಿಕೊಂಡರೆ ಇನ್ನೊಂದು ಬಳಗದ ಓದುಗರು ದೂರವಾದಂತೆ.

ಪರಿಹಾರವೇ ಇರಲಿಲ್ಲವೆ? ಇತ್ತು. 1991ರಲ್ಲಿಯೇ ಯೂನಿಕೋಡ್ ಸಂಕೇತವು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಆದರೆ ವಿಂಡೋಸಿನಲ್ಲಿ ಕನ್ನಡಕ್ಕೆ ಅದರ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಸೂತ್ರ ರಚಿತವಾದರೂ ಪ್ರಯೋಗಕ್ಕೆ ಹತ್ತು ವರ್ಷ ಕಾಯಬೇಕಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದು ಈ ಸಂಕೇತದ ಮೇಲೆಯೇ. ಇಂದು ನಿಮ್ಮ ಕೈಯ ಫೋನಿನಲ್ಲಿ ಕನ್ನಡ ಕಾಣುತ್ತಿರುವುದೂ ಅದರಿಂದಲೇ.

ಹಾಗೆಂದು ತೊಡಕು ಪೂರ್ಣವಾಗಿ ತೀರಿತೆನ್ನಲಾಗದು. ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ 2001ರ 7ನೆಯ ಆವೃತ್ತಿಯೇ ಕಡೆಯದು. ಅದಕ್ಕೆ ಯೂನಿಕೋಡ್ ತಿಳಿಯದು. ನಮ್ಮ ಕೆಂಗೇರಿ ಉಪನಗರದಂಥ ಬಡಾವಣೆಯಲ್ಲಿ ಶಾಲೆಯ ಸ್ಮರಣ ಸಂಚಿಕೆಯನ್ನೋ, ಸಂಘದ ವರದಿಯನ್ನೋ ಆ ಬಗೆಯ ತಂತ್ರಾಂಶದಲ್ಲಿ ಸಿದ್ಧಪಡಿಸಿದರೆ ಕಾಗದದ ಮೇಲೆ ಕನ್ನಡ ಸೊಗಸಾಗಿಯೇ ಇರುತ್ತದೆ. ಕಡತದೊಳಗೆ ಮಾತ್ರ ಕನ್ನಡವಿಲ್ಲ. ನಾಳೆ ಮಕ್ಕಳು ಅದರಲ್ಲಿ ಒಂದು ಹೆಸರನ್ನು ಹುಡುಕಿದರೆ ಸಿಗದು.

ಆದುದರಿಂದ ಓದುಗರಲ್ಲಿ ಎರಡು ಮಾತು. ಹಳೆಯ ಕಡತಗಳಿದ್ದರೆ, ಅವನ್ನು ತೆರೆಯಬಲ್ಲ ಯಂತ್ರ ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಡಿ. ಅದಕ್ಕೆ ಬೇಕಾದ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಹೊಸದಾಗಿ ಏನನ್ನೇ ಮಾಡಿಸುವಾಗ ಅಚ್ಚಾದ ಪ್ರತಿಯೊಡನೆ ಯೂನಿಕೋಡಿನ ಪ್ರತಿಯನ್ನೂ ಕೇಳಿ ಪಡೆಯಿರಿ. ತಯಾರಕರು ಬರುತ್ತಾರೆ, ಹೋಗುತ್ತಾರೆ. ಅವರು ಹೋದ ಮೇಲೂ ನಮ್ಮ ಬರೆಹ ನಮಗೆ ಓದಲು ಬರಬೇಕು.