ಪುಟಾಣಿ ಕೈಗಳಿಗೊಂದು ಬಟ್ಟೆಯ ಪುಸ್ತಕ



ನನ್ನ ಕೈಯಲ್ಲಿರುವ ಈ ಪುಸ್ತಕವನ್ನು ನೋಡಿ. ಇದರಲ್ಲಿ ಒಂದು ಅಕ್ಷರವೂ ಇಲ್ಲ, ಒಂದು ಹಾಳೆ ಕಾಗದವೂ ಇಲ್ಲ. ಇರುವುದು ಬಟ್ಟೆಯ ಆರು ಪುಟಗಳು ಮಾತ್ರ. ಒಂದು ಪುಟದಲ್ಲಿ ಬಾಗಿಲು ತೆರೆದರೆ ಬೆಕ್ಕು ಇಣುಕುತ್ತದೆ. ಇನ್ನೊಂದರಲ್ಲಿ ಗೊನೆಯಿಂದ ಬಾಳೆಹಣ್ಣು ಕಿತ್ತು ಬುಟ್ಟಿಗೆ ಹಾಕಬಹುದು. ಮತ್ತೊಂದರಲ್ಲಿ ಜಿಪ್ ಎಳೆದರೆ ಬಸ್ಸಿನೊಳಗೆ ಕುಳಿತವರು ಕಾಣುತ್ತಾರೆ. ಒಂದರಿಂದ ಮೂರು ವರ್ಷದೊಳಗಿನ ಮಗುವಿಗಾಗಿ ಮನೆಯಲ್ಲೇ ಹೊಲಿದ ಪುಸ್ತಕವಿದು. ಇದನ್ನು ಮಾಡುವುದು ಹೇಗೆ, ಮಾಡುವಾಗ ಯಾವುದನ್ನು ಮರೆಯಬಾರದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕಾಲೇಜಿನಲ್ಲಿ ಓದುತ್ತಿದ್ದಾಗ ಅಕ್ಕನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಇಂಥದೊಂದು ಪುಸ್ತಕ ಹೊಲಿದೆ. ಅದರಲ್ಲೊಂದು ಕಿತ್ತಳೆ ಬಣ್ಣದ ಮೀನು. ಮೀನಿಗೆ ಹೊಳೆಯುವ ಕಪ್ಪು ಮಣಿಯ ಕಣ್ಣು. ಬಂದವರೆಲ್ಲ ಆ ಕಣ್ಣನ್ನೇ ಮೆಚ್ಚಿದರು. ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ನಮ್ಮ ಅಮ್ಮ ಅಡುಗೆಮನೆಯಿಂದ ಬಂದವರೇ, "ಮಗು ಏನೋ ಚಪ್ಪರಿಸ್ತಾ ಇದೆಯಲ್ಲೇ, ಏನು ಕೊಟ್ಟೆ?" ಎಂದರು. ನಾನು ಏನನ್ನೂ ಕೊಟ್ಟಿರಲಿಲ್ಲ. ಅಮ್ಮ ಮಗುವಿನ ಮುಖವನ್ನು ಕೆಳಕ್ಕೆ ಬಾಗಿಸಿ, ಬಾಯಿಯ ಮುಂದೆ ಅಂಗೈ ಒಡ್ಡಿ, "ಥೂ ಮಾಡು ಪುಟ್ಟೀ, ಥೂ ಮಾಡು" ಎಂದರು. ಅಂಗೈಗೆ ಬಿದ್ದದ್ದು ಮೀನಿನ ಕಣ್ಣು.

ಅಮ್ಮ ಬೈಯಲಿಲ್ಲ. "ನೋಡೋಕೆ ಚೆನ್ನಾಗಿರಲಿ ಅಂತ ಹೊಲಿದೆ. ಮಗು ಬಾಯಿಗೆ ಹಾಕುತ್ತೆ ಅನ್ನೋದನ್ನ ಮರೆತೆ" ಎಂದಷ್ಟೇ ಹೇಳಿದರು. ಈ ಕೆಲಸದ ಬಗೆಗೆ ನಾನು ಕಲಿತ ಮೊದಲ ಪಾಠ ಅದು. ಬಹುಶಃ ಕೊನೆಯದೂ ಅದೇ. ದೊಡ್ಡವರು ಪುಸ್ತಕವನ್ನು ಕಣ್ಣಿನಿಂದ ಓದುತ್ತಾರೆ. ಎಳೆಯ ಮಗು ಕೈಯಿಂದ ಓದುತ್ತದೆ, ಬಾಯಿಂದಲೂ ಓದುತ್ತದೆ. ಆದ್ದರಿಂದ ಈ ಪುಸ್ತಕದ ಅಂದವೆಲ್ಲ ಅದರ ಗಟ್ಟಿತನದಲ್ಲಿದೆ.

ಬಟ್ಟೆಯ ಪುಸ್ತಕ ಹೊಸದೇನಲ್ಲ. ಕಾಗದದ ಪುಸ್ತಕವನ್ನು ಮಕ್ಕಳು ಹರಿದು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡು, 1903ರಲ್ಲಿ ಲಂಡನ್ನಿನ ಡೀನ್ಸ್ ಎಂಬ ಸಂಸ್ಥೆ ಬಟ್ಟೆಯ ಮೇಲೆ ಅಚ್ಚು ಹಾಕಿದ ಪುಸ್ತಕಗಳನ್ನು ಹೊರತರಲು ಆರಂಭಿಸಿತು. 1907ರಲ್ಲಿ ಇಟಲಿಯ ರೋಮ್ ನಗರದಲ್ಲಿ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಅವರು ರೂಪಿಸಿದ ಸಾಧನಗಳಲ್ಲಿ ಮರದ ಚೌಕಟ್ಟಿಗೆ ಹೊಂದಿಸಿದ ಬಟ್ಟೆಗಳೂ ಇದ್ದವು. ಒಂದರಲ್ಲಿ ಗುಂಡಿ, ಒಂದರಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಲಾಡಿ. ಮಗು ಅವನ್ನು ಬಿಚ್ಚಿ, ಹಾಕಿ, ತನ್ನ ಉಡುಪನ್ನು ತಾನೇ ತೊಡಲು ಕಲಿಯುತ್ತಿತ್ತು. ಇದೇ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ಶಿಕ್ಷಕರಿಗೆ ತರಬೇತಿ ನೀಡಿದರು. ಇಂದಿನ ಬಟ್ಟೆಯ ಪುಸ್ತಕ ಆ ಚೌಕಟ್ಟುಗಳ ಹತ್ತಿರದ ನೆಂಟ ಎನ್ನಬಹುದು.

ನಮ್ಮಲ್ಲೂ ಇದಕ್ಕೆ ಬೇಕಾದ ಕೈಚಳಕ ಇದ್ದೇ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಕೌದಿ ಹೊಲಿಯುವ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಈ ಕೆಲಸಕ್ಕೆ ಬೇರೆ ಗುರು ಬೇಕಿಲ್ಲ.

ಈಗ ಸಾಮಗ್ರಿಯ ವಿಚಾರಕ್ಕೆ ಬರೋಣ. ಚಿತ್ರಗಳಿಗೆ ನಾವು ಬಳಸುವುದು ಫೆಲ್ಟ್. ಸಾಮಾನ್ಯ ಬಟ್ಟೆಯನ್ನು ಹಾಸು ಹೊಕ್ಕುಗಳಿಂದ ನೇಯುತ್ತಾರೆ. ಫೆಲ್ಟಿಗೆ ನೇಯ್ಗೆಯೇ ಇಲ್ಲ. ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನಿನ ಹುರುಪೆಯಂಥ ಪದರಗಳು ಕಾಣುತ್ತವೆ. ಬಿಸಿನೀರು ಮತ್ತು ಸಾಬೂನು ಹಾಕಿ ತಿಕ್ಕಿದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಎಳೆಗಳೆಲ್ಲ ಒತ್ತೊತ್ತಾಗಿ ಕೂಡಿ ಹಾಳೆಯಾಗುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದರೆ ಕುಗ್ಗಿ ದಪ್ಪವಾಗುವುದೂ ಇದೇ ಕಾರಣದಿಂದ. ಆದರೆ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಬಣ್ಣದ ಫೆಲ್ಟ್ ಹಾಳೆಗಳು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಎಳೆಯವು. ಮುಳ್ಳಿನಂಚಿನ ಸೂಜಿಗಳಿಂದ ಮತ್ತೆ ಮತ್ತೆ ಚುಚ್ಚಿ ಆ ಎಳೆಗಳನ್ನು ಹೆಣೆದಿರುತ್ತಾರೆ.

ನೇಯ್ಗೆ ಇಲ್ಲದಿರುವುದರಿಂದ ಫೆಲ್ಟನ್ನು ಯಾವ ಆಕಾರಕ್ಕೆ ಕತ್ತರಿಸಿದರೂ ಅಂಚಿನಲ್ಲಿ ದಾರ ಬಿಡುವುದಿಲ್ಲ, ಅಂಚು ಮಡಿಸಿ ಹೊಲಿಯುವ ಕಷ್ಟವಿಲ್ಲ. ಹೊಸದಾಗಿ ಸೂಜಿ ಹಿಡಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಹಾಳೆಯನ್ನು ಬೆರಳಿನಿಂದ ಜೋರಾಗಿ ಉಜ್ಜಿ ನೋಡಿ. ಜುಂಗು ಎದ್ದು ಕೈಗೆ ಬಂದರೆ ಅದು ಬೇಡ, ಮಗುವಿನ ಬಾಯಿಗೂ ಅದು ಹೋಗುತ್ತದೆ. ಮನೆಗೆ ತಂದಮೇಲೆ ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿ. ಬಣ್ಣ ಹತ್ತಿದರೆ ಅದೂ ಬೇಡ.

ಪುಟಗಳಿಗೆ ಫೆಲ್ಟ್ ಬೇಕಿಲ್ಲ. ದಪ್ಪ ಹತ್ತಿಬಟ್ಟೆ ಸಾಕು, ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆಯಾದರೂ ಸರಿ. ಇದರ ಜೊತೆಗೆ ಗಟ್ಟಿ ದಾರ, ಸೂಜಿ, ಕತ್ತರಿ, ಚಾಕ್, ಒಂದು ಜಿಪ್, ಸ್ವಲ್ಪ ವೆಲ್ಕ್ರೊ ಪಟ್ಟಿ ಇರಲಿ. ವೆಲ್ಕ್ರೊ ಎಂದಾಗ ಒಂದು ಮಾತು ನೆನಪಾಗುತ್ತದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ಬೆಟ್ಟದಲ್ಲಿ ಸುತ್ತಾಡಿ ಬಂದಾಗ, ತಮ್ಮ ನಾಯಿಯ ಮೈಗೆ ಕಾಡುಗಿಡದ ಮುಳ್ಳುಕಾಯಿಗಳು ಅಂಟಿದ್ದನ್ನು ಕಂಡರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳಿನ ತುದಿಯೆಲ್ಲ ಕೊಕ್ಕೆ! ಅದನ್ನೇ ಅನುಸರಿಸಿ ಒಂದು ಪಟ್ಟಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಕುಣಿಕೆ ಇರುವ ವೆಲ್ಕ್ರೊವನ್ನು ರೂಪಿಸಿ, 1955ರಲ್ಲಿ ಪೇಟೆಂಟ್ ಪಡೆದರು. ಹೊಲದ ಬದುವಿನಲ್ಲಿ ನಡೆದು ಪಂಚೆಗೆ ಉತ್ತರಾಣಿ ಅಂಟಿಸಿಕೊಂಡು ಬಂದವರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ.

ಪುಟಗಳಲ್ಲಿ ಏನಿರಬೇಕು? ಇದನ್ನು ಮಗುವಿನ ವಯಸ್ಸೇ ಹೇಳುತ್ತದೆ. ವರ್ಷ ತುಂಬುವ ಹೊತ್ತಿಗೆ ಮಗು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಸಣ್ಣ ವಸ್ತುಗಳನ್ನು ಹೆಕ್ಕಲು ಕಲಿತಿರುತ್ತದೆ. ಮರೆಯಾದ ವಸ್ತು ಇಲ್ಲವಾಗಿಲ್ಲ, ಬಟ್ಟೆಯ ಹಿಂದೆಯೇ ಇದೆ ಎಂಬುದೂ ಅದಕ್ಕೆ ತಿಳಿಯತೊಡಗಿರುತ್ತದೆ. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಈ ಅರಿವಿಗೆ ಬಹಳ ಮಹತ್ವ ಕೊಟ್ಟಿದ್ದರು. ಬಾಗಿಲ ಹಿಂದಿನ ಬೆಕ್ಕನ್ನು ಕಂಡು ಮಗು ಹತ್ತನೆಯ ಸಲವೂ ನಗುವುದು ಇದರಿಂದಲೇ.

ಇನ್ನೊಂದು ಮಾತನ್ನು ನೆನಪಿಡಿ. ಮಕ್ಕಳಿಗೆ ಬಿಚ್ಚುವುದು ಮೊದಲು ಬರುತ್ತದೆ, ಹಾಕುವುದು ಆಮೇಲೆ. ಕಾಲುಚೀಲವನ್ನು ಎಳೆದು ಬಿಸಾಡುವ ಮಗು ಅದನ್ನು ಹಾಕಿಕೊಳ್ಳಲು ಬಹಳ ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಪುಟಗಳು ತೆರೆಯುವ, ಸವರುವ, ಕೀಳುವ ಆಟಕ್ಕಿರಲಿ. ಸೇರಿಸುವ ಆಟ ಕೊನೆಯ ಪುಟಗಳಲ್ಲಿರಲಿ.

ನನ್ನ ಪುಸ್ತಕದ ಕ್ರಮ ಹೀಗಿದೆ. ಒಂದನೆಯ ಪುಟ, ಬಾಗಿಲು ಮತ್ತು ಬೆಕ್ಕು. ಎರಡನೆಯದು ಮುಟ್ಟಿ ನೋಡುವ ಪುಟ: ಕಂಬಳಿ, ಮಖಮಲ್ಲು, ರೇಷ್ಮೆ, ಟವೆಲ್ ಬಟ್ಟೆಯ ನಾಲ್ಕು ಎಲೆಗಳು. ಮೂರನೆಯದು ಬಾಳೆಗೊನೆ, ಅದರ ಕೆಳಗೇ ಬುಟ್ಟಿಯಾಕಾರದ ಜೇಬು. ನಾಲ್ಕನೆಯದು ಜಿಪ್ ಇರುವ ಬಸ್ಸು. ಐದನೆಯದರಲ್ಲಿ ಮೂರು ಬಣ್ಣದ ಮೂರು ಜೇಬು, ಪ್ರತಿಯೊಂದಕ್ಕೂ ಅದೇ ಬಣ್ಣದ ಒಂದು ತರಕಾರಿ. ಆರನೆಯದು ದೊಡ್ಡ ಗುಂಡಿಗಳ ಅಂಗಿ. ಈ ಗುಂಡಿಗಳು ಅಂಗಡಿಯವಲ್ಲ. ನಾಲ್ಕು ಪದರ ಫೆಲ್ಟನ್ನು ಸೇರಿಸಿ ಹೊಲಿದ, 5 ಸೆಂ.ಮೀ. ಅಗಲದ ಬಿಲ್ಲೆಗಳು.

ಹೊಲಿಯುವ ವಿಧಾನ ಸುಲಭ. ಹತ್ತಿಬಟ್ಟೆಯನ್ನು ಒಗೆದು ಒಣಗಿಸಿ, 23 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರದ ಆರು ತುಂಡು ಮಾಡಿ. ಪುಟಗಳನ್ನು ಜೋಡಿಸುವ ಮೊದಲೇ ಚಿತ್ರಗಳನ್ನು ಹೊಲಿಯಬೇಕು. ಆಗ ಗಂಟುಗಳೆಲ್ಲ ಒಳಗೆ ಉಳಿಯುತ್ತವೆ. ಚಿತ್ರದ ಅಂಚಿಗೆ ಒತ್ತಾಗಿ ಕಾಜಾ ಹೊಲಿಗೆ ಹಾಕಿ. ಅಂಟು ಹಚ್ಚಿದರೆ ಸಾಲದು, ಜೊಲ್ಲು ತಾಗಿ ತಾಗಿ ಅಂಟು ಬಿಡುತ್ತದೆ. ಕಣ್ಣು, ಮೂಗು, ಮೀಸೆಗಳನ್ನು ದಾರದಿಂದಲೇ ಕಸೂತಿ ಮಾಡಿ.

ಅನಂತರ ಎರಡು ತುಂಡುಗಳ ಚಿತ್ರವಿರುವ ಮುಖಗಳನ್ನು ಒಳಗಿಟ್ಟು, ಅಂಚಿನಿಂದ 1 ಸೆಂ.ಮೀ. ಬಿಟ್ಟು ಮೂರು ಬದಿ ಹೊಲಿದು, ದಿಂಬಿನ ಗವಸಿನಂತೆ ಹೊರಕ್ಕೆ ತಿರುವಿ. ನಡುವೆ ಹಳೆಯ ಹತ್ತಿಸೀರೆಯ ಎರಡು ಪದರ ಸೇರಿಸಿ, ಕೌದಿಯಂತೆ ಅಂಚಿನ ಸುತ್ತ ಒಂದು ಸಾಲು ಹೊಲಿಗೆ ಹಾಕಿದರೆ ಪುಟ ಸೆಟೆದು ನಿಲ್ಲುತ್ತದೆ. ಹೀಗೆ ಮೂರು ಹಾಳೆಗಳಾದವು, ಅಂದರೆ ಆರು ಪುಟ. ತೆರೆದ ಬದಿಗಳನ್ನು ಒಟ್ಟಿಗೆ ಹಿಡಿದು, ಗಟ್ಟಿ ಬಟ್ಟೆಯ ಪಟ್ಟಿಯನ್ನು ಅಂಚು ಮಡಿಸಿ ಮೇಲೆ ಹೊದಿಸಿ, ಎಲ್ಲ ಪದರಗಳಿಗೂ ಸೂಜಿ ಹೋಗುವಂತೆ ಎರಡು ಸಾಲು ಹೊಲಿಯಿರಿ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುವ ಹೊಲಿಗೆ ಇಲ್ಲಿ ಒಳ್ಳೆಯದು. ಒಂದೆಡೆ ದಾರ ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ.

ಬಾಳೆಹಣ್ಣಿನಂಥ ಬಿಡಿ ತುಂಡುಗಳು ಕನಿಷ್ಠ 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಇರಲಿ. ಅವನ್ನು ಪುಟಕ್ಕೆ ಕಟ್ಟುವ ಪಟ್ಟಿ 10 ಸೆಂ.ಮೀ. ಮೀರದಿರಲಿ. ಉದ್ದವಾದರೆ ಕೊರಳಿಗೆ ಸುತ್ತಿಕೊಳ್ಳಬಹುದು. ವೆಲ್ಕ್ರೊದ ಒರಟು ಭಾಗ ಪುಟದ ಮೇಲಿರಲಿ, ಮೃದು ಭಾಗ ಹಣ್ಣಿನ ಮೇಲಿರಲಿ. ಬಾಯಿಗೆ ಹೋಗುವುದು ಹಣ್ಣು ತಾನೆ?

ಇನ್ನು ಮುಖ್ಯವಾದ ಪರೀಕ್ಷೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ 31.7 ಮಿ.ಮೀ. ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಆಟಿಕೆಯ ಬಿಡಿ ಭಾಗ ಆ ಕೊಳವೆಯೊಳಗೆ ಪೂರ್ತಿಯಾಗಿ ಇಳಿದರೆ, ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕದು ಎಂದರ್ಥ. ಈ ಅಳತೆಯನ್ನು ನೀವೇ ಮಾಡಿಕೊಳ್ಳಬಹುದು. 10 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿಯನ್ನು ತುದಿಗೆ ತುದಿ ತಾಗುವಂತೆ ಸುತ್ತಿ ಅಂಟಿಸಿ. ಪರಿಧಿ 10 ಆದರೆ ವ್ಯಾಸವೆಷ್ಟು? ಪೈನಿಂದ ಭಾಗಿಸಿ ನೋಡಿ, ಸುಮಾರು 3.18 ಸೆಂ.ಮೀ. ಬರುತ್ತದೆ. ತರಗತಿಯ ಗಣಿತ ಹೀಗೆ ಒಂದು ಮಗುವಿನ ಉಸಿರನ್ನು ಕಾಯುತ್ತದೆ. ನನ್ನ ಮೀನಿನ ಕಣ್ಣು ಆ ಕೊಳವೆಯಲ್ಲಿ ಸದ್ದಿಲ್ಲದೆ ಜಾರಿಹೋಗುತ್ತಿತ್ತು.

ಆಮೇಲೆ ಪ್ರತಿಯೊಂದು ಭಾಗವನ್ನೂ ಎರಡು ಬೆರಳಿನಲ್ಲಿ ಹಿಡಿದು, ನಿಮ್ಮ ಶಕ್ತಿಯೆಲ್ಲ ಹಾಕಿ ಎಳೆಯಿರಿ, ತಿರುಚಿ. ಕಿತ್ತು ಬಂದರೆ ಬೇಸರ ಬೇಡ. ಮಗುವಿನ ಕೈಯಲ್ಲಿ ಕೀಳುವ ಬದಲು ನಿಮ್ಮ ಕೈಯಲ್ಲೇ ಕಿತ್ತಿತಲ್ಲ! ಕೆಲಸ ಆರಂಭಿಸುವಾಗ ಸೂಜಿ, ಗುಂಡುಪಿನ್ನುಗಳನ್ನು ಎಣಿಸಿ ಬರೆದಿಡಿ, ಮುಗಿದಾಗ ಮತ್ತೆ ಎಣಿಸಿ. ಒಂದು ಕಡಿಮೆ ಬಂದರೂ ಪುಸ್ತಕವನ್ನು ಮಗುವಿಗೆ ಕೊಡಬೇಡಿ. ಆಯಸ್ಕಾಂತ ಮತ್ತು ಗುಂಡಿಯಾಕಾರದ ಬ್ಯಾಟರಿಗಳಂತೂ ಬೇಡವೇ ಬೇಡ. ನುಂಗಿದ ಎರಡು ಆಯಸ್ಕಾಂತಗಳು ಕರುಳಿನ ಗೋಡೆಯ ಎರಡು ಕಡೆಯಿಂದ ಅಂಟಿಕೊಂಡು ರಂಧ್ರ ಮಾಡಬಲ್ಲವು. ಬ್ಯಾಟರಿ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡಬಲ್ಲದು.

ಪುಸ್ತಕವನ್ನು ಮಗುವಿಗೆ ಕೊಟ್ಟಮೇಲೂ ನಿಮ್ಮ ಕೆಲಸ ಮುಗಿಯುವುದಿಲ್ಲ. ವಾರಕ್ಕೊಮ್ಮೆ ತಣ್ಣೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ, ಆಗಲೇ ಹೊಲಿಗೆಗಳನ್ನೂ ನೋಡಿ. ಮಗು ಆಡುವಾಗ ದೊಡ್ಡವರೊಬ್ಬರು ಜೊತೆಗಿರಲಿ. "ಬೆಕ್ಕೆಲ್ಲಿ? ಹಣ್ಣು ಎಷ್ಟು?" ಎಂದು ಕೇಳುತ್ತಿರಲಿ. ಅಕ್ಷರವಿಲ್ಲದ ಪುಸ್ತಕಕ್ಕೆ ಮಾತು ತುಂಬುವವರು ಅವರೇ.

ಕೆಲವರಿಗೆ ಇದನ್ನು ಮಾರುವ ಯೋಚನೆ ಬರಬಹುದು. ತಪ್ಪೇನಿಲ್ಲ. ಆದರೆ ನಮ್ಮ ದೇಶದಲ್ಲಿ ಆಟಿಕೆಗಳ ಗುಣಮಟ್ಟದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಮಾರುವ ಮುನ್ನ ಅದರ ನಿಯಮಗಳನ್ನು ತಿಳಿದುಕೊಳ್ಳಿ. ನಿಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಸೇರಿ, ಆರು ಜನ ಆರು ಪುಟ ಹೊಲಿದು, ಹತ್ತಿರದ ಅಂಗನವಾಡಿಗೆ ಒಂದು ಪುಸ್ತಕ ಕೊಟ್ಟರೆ ಇನ್ನೂ ಸಂತೋಷ. ಒಬ್ಬರು ಹೊಲಿದದ್ದನ್ನು ಇನ್ನೊಬ್ಬರು ಎಳೆದು ಪರೀಕ್ಷಿಸಿ. ತಾನು ಹೊಲಿದದ್ದನ್ನು ಜೋರಾಗಿ ಎಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಅಂದಹಾಗೆ, ಆ ಮೀನು ಈಗಲೂ ನನ್ನ ಬಳಿ ಇದೆ. ಅದಕ್ಕೀಗ ಕಪ್ಪು ದಾರದ ಕಣ್ಣು. ಮೊದಲಿನ ಹೊಳಪಿಲ್ಲ, ಆದರೆ ಮೂರು ಮಕ್ಕಳು ಅದನ್ನು ಕಚ್ಚಿ ದೊಡ್ಡವರಾಗಿದ್ದಾರೆ. ಕಣ್ಣು ಅಲ್ಲೇ ಇದೆ.