ಕಲಿಕೆಗೆ ಅವಧಿಯಿಲ್ಲ



ಬಾಲ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಕೇರಳದ ಕಾರ್ತ್ಯಾಯನಿ ಅಮ್ಮನವರು 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಗಳಿಸಿದರು. ಕಲಿಕೆಗೆ ವಯಸ್ಸು ಅಡ್ಡಿಯಲ್ಲ.

ಜನಪ್ರತಿನಿಧಿಗಳಿಗಂತೂ ಕಲಿಕೆಯು ಕರ್ತವ್ಯವೇ ಆಗಿದೆ. ನಡಾವಳಿಯನ್ನು ಓದದೆ ಸಹಿ ಮಾಡಿದ ಸದಸ್ಯರು, ತಮ್ಮ ವಾರ್ಡಿನ ಕುಡಿಯುವ ನೀರಿನ ಕಾಮಗಾರಿಯು ಕ್ರಿಯಾಯೋಜನೆಯಿಂದ ಕೈಬಿಟ್ಟುಹೋದರೂ ಅರಿಯಲಾರರು. ಗ್ರಾಮಸಭೆಯಲ್ಲಿ ಜನರಿಗೆ ಉತ್ತರಿಸಲಾರರು.

ಆದುದರಿಂದ ಪ್ರತಿ ಸಭೆಗೆ ಮುನ್ನ ಸಭಾಸೂಚನೆಯ ಒಂದು ವಿಷಯವನ್ನಾದರೂ ಪೂರ್ಣವಾಗಿ ಓದಬೇಕು. ಓದಲಾಗದವರು ಓದಿಸಿ ಕೇಳಬೇಕು. ವಾರಕ್ಕೊಂದು ದಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೆಲಕಾಲ ಕುಳಿತು ಓದುವ ರೂಢಿಯಿರಲಿ. ಅರ್ಥವಾಗದುದನ್ನು ಸಭೆಯಲ್ಲಿಯೇ ಪ್ರಶ್ನಿಸಲು ಸಂಕೋಚ ಸಲ್ಲದು.

ಸದಸ್ಯತ್ವದ ಅವಧಿ 5 ವರ್ಷ. ಕಲಿತ ವಿದ್ಯೆ ಅವಧಿ ಮುಗಿದ ಮೇಲೂ ಊರಿಗೆ ಉಪಯುಕ್ತ.